ಮೆಜೆಸ್ಟಿಕ್‌ನಲ್ಲಿ ಇಳಿಯುವವರ ಇಂಗ್ಲಿಷ್

ಶಿರಸಿಯಿಂದ ರಾತ್ರಿ ಬಸ್ಸು ಹತ್ತಿದವರಿಗೆ ಮೆಜೆಸ್ಟಿಕ್ ಅಂದರೆ ಬೆಳಗಿನ ಜಾವ ಕಣ್ಣುಜ್ಜಿಕೊಂಡು ಇಳಿಯುವ ಜಾಗ. ಅಲ್ಲಿ ಆ ಹೆಸರಿನ ಟಾಕೀಸೊಂದಿತ್ತು. ಟಾಕೀಸು ಹೋಯಿತು, ಹೆಸರು ಬಸ್ ಸ್ಟ್ಯಾಂಡಿಗೆ ಅಂಟಿಕೊಂಡಿತು. ಸ್ಪ್ಲೆಂಡರ್ ಅಂದರೆ ಬೈಕು. 1994ರಲ್ಲಿ ಬಂದಿದ್ದು. ಗೊಬ್ಬರದ ಚೀಲ, ಹಾಲಿನ ಕ್ಯಾನು, ಶಾಲೆಗೆ ಹೋಗುವ ಮಕ್ಕಳು, ಏನು ಹೇರಿದರೂ ತೋಟದ ದಾರಿಯಲ್ಲಿ ಇನ್ನೂ ಓಡುತ್ತಿದೆ. ಗ್ರ್ಯಾಂಡ್ ಅಂದರೆ ಸಾಲ ಮಾಡಿ ಮಾಡಿದ ಮದುವೆ. ಇಂಗ್ಲಿಷಿನ ವೈಭವದ ಶಬ್ದಗಳೆಲ್ಲ ನಮಗೆ ಯಾವತ್ತಿನಿಂದಲೋ ಮನೆಬಳಕೆಯವು. ಅದಕ್ಕೇ ಇರಬೇಕು, ಇಂಗ್ಲಿಷ್ ಬರೆಯಲು ಕೂತರೆ ಮೊದಲು ಕೈಗೆ ಸಿಗುವುದೂ ಅವೇ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸಗಳಲ್ಲಿ ಜಿಲ್ಲೆಯ ಜನರಿಗೆ ಇಂಗ್ಲಿಷ್ ಬರೆದುಕೊಡುವುದೂ ಒಂದು. ಹೋಮ್‌ಸ್ಟೇಯವರ ಪರಿಚಯ, ಊರ ದೇವಸ್ಥಾನದ ಕರಪತ್ರ, ಯಾವುದೋ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಎರಡು ಪುಟ, ವಿದೇಶದಲ್ಲಿರುವ ನೆಂಟರಿಗೆ ಮದುವೆ ಕಾರ್ಡು. ಕೆಲಸ ಕೊಡುವವರು ಬೇರೆ ಬೇರೆ. ಬೇಡಿಕೆ ಮಾತ್ರ ಒಂದೇ. ಬರೆದಿದ್ದು ಜೋರಿರಬೇಕು.

ದೇವಿಮನೆ ಘಟ್ಟದ ಈಚೆ ಹೋಮ್‌ಸ್ಟೇ ಶುರುಮಾಡಿದ ನಮ್ಮ ಭಾವ ತಾನೇ ಬರೆದ ಒಂದು ಪ್ಯಾರಾ ಕಳಿಸಿದ್ದ. ಅದರಲ್ಲಿ ಬೆಟ್ಟ ಮೆಜೆಸ್ಟಿಕ್, ಹೊಳೆ ಮ್ಯಾಗ್ನಿಫಿಸೆಂಟ್, ಬೆಳಗು ಗ್ಲೋರಿಯಸ್, ಊಟ ಸ್ಪ್ಲೆಂಡಿಡ್. ಬಚ್ಚಲು ಕೂಡ ರಾಯಲ್. ಬಚ್ಚಲಿನ ಬಗ್ಗೆ ನನಗೆ ತಕರಾರಿಲ್ಲ, ಹಂಡೆಯ ಬಿಸಿನೀರು ರಾಜಭೋಗವೇ ಹೌದು. ಉಳಿದಿದ್ದನ್ನೆಲ್ಲ ತೆಗೆದು, ಅಲ್ಲಿ ಏನಿದೆಯೋ ಅದನ್ನು ಬರೆದು ಕಳಿಸಿದೆ. ಸಂಜೆ ಫೋನು ಬಂತು.

“ಚೊಲೋ ಇದ್ದು ಮಾರಾಯ. ಆದ್ರೆ ಜೋರು ಇಲ್ಲೆ.”

“ಜೋರು ಎಂತಕ್ಕೆ ಭಾವ? ಹೊಳೆ ಇದ್ದಲಾ.”

“ಹೊಳೆ ಎಲ್ಲರ ಮನೆ ಹತ್ರನೂ ಇದ್ದು. ಬೆಂಗಳೂರಿನವು ಬರವು ಅಂದ್ರೆ ದೊಡ್ಡ ಶಬ್ದ ಬೇಕು.”

ಇದೇ ಭಾವ ಕನ್ನಡದಲ್ಲಿ ಹೇಗೆ ಹೊಗಳುತ್ತಾನೆ ಗೊತ್ತಲ್ಲ? ಶಿರಸಿ-ಸಿದ್ದಾಪುರದ ಕಡೆಯ ಹವ್ಯಕರ ಮನೆಯಲ್ಲಿ ಊಟ ಮಾಡಿದವರಿಗೆಲ್ಲ ಗೊತ್ತಿರುತ್ತದೆ. ಬಾಯಲ್ಲಿಟ್ಟರೆ ಕರಗುವ ತೊಡದೇವು ತಿಂದರೆ “ಅಡ್ಡಿಲ್ಲೆ”. ರಾತ್ರಿಯಿಡೀ ಕುಣಿದು ಬೆವರಿಳಿಸಿದ ವೇಷಧಾರಿಗೆ “ಅಡ್ಡಿಲ್ಲೆ”. ಮಗಳಿಗೆ ರ‍್ಯಾಂಕ್ ಬಂದರೂ “ಅಡ್ಡಿಲ್ಲೆ”. ಅದಕ್ಕಿಂತ ಮೇಲಿನ ಬಿರುದು ನಮ್ಮ ಕೋಶದಲ್ಲೇ ಇಲ್ಲ. ಹೇಳುವವರ ಹುಬ್ಬು ಎಷ್ಟು ಮೇಲೆ ಹೋಯಿತು, ಎರಡನೇ ಸಲ ಬಡಿಸುವಾಗ ಬೇಡ ಅಂದರೋ ಇಲ್ಲವೋ, ಅದನ್ನು ನೋಡಿ ನಾವು ಲೆಕ್ಕ ಹಾಕಿಕೊಳ್ಳಬೇಕು. ಹೀಗೆ ದಿನವಿಡೀ ಅಳೆದು ಸುರಿದು ಮಾತಾಡುವ ಮನುಷ್ಯ, ಇಂಗ್ಲಿಷ್ ಅಂದ ತಕ್ಷಣ ಕಿರೀಟ ಕಟ್ಟಿಕೊಂಡು ನಿಲ್ಲುತ್ತಾನೆ.

ಒಂದು ಕಾರಣ ಸುಲಭದ್ದು. ಇಂಗ್ಲಿಷ್ ನಮಗೆ ಸಿಕ್ಕಿದ್ದು ಅರ್ಜಿಯಲ್ಲಿ, ಭಾಷಣದಲ್ಲಿ, ಸನ್ಮಾನಪತ್ರದಲ್ಲಿ. ಜಗಳ ಆಡಿದ್ದು, ಮೀನಿಗೆ ಚೌಕಾಸಿ ಮಾಡಿದ್ದು, ಮಗುವನ್ನು ಮಲಗಿಸಿದ್ದು ಆ ಭಾಷೆಯಲ್ಲಿ ಅಲ್ಲ. ವೇದಿಕೆ ಮೇಲೆ ಕಲಿತ ಭಾಷೆಯಲ್ಲಿ ವೇದಿಕೆಯ ಮಾತೇ ಬರುತ್ತದೆ. ಮದುವೆಗೆ ಉಟ್ಟ ರೇಷ್ಮೆ ಸೀರೆಯಲ್ಲೇ ಸೊಪ್ಪು ಕೊಯ್ಯಲು ಹೋದ ಹಾಗೆ.

ಇನ್ನೊಂದು ಕಾರಣ ನನಗೆ ಸ್ವಲ್ಪ ಬೇಜಾರಿನದು. ಊರ ಹೊಳೆ ಹೊರಗಿನವರಿಗೆ ಸಾಕಾಗುತ್ತದೋ ಇಲ್ಲವೋ ಅನ್ನುವ ಅನುಮಾನ ನಮಗೇ ಇದೆ. ಸಾಕು ಅನ್ನುವ ಧೈರ್ಯ ಇದ್ದಿದ್ದರೆ ಹೊಳೆಯನ್ನು ತೋರಿಸಿ ಸುಮ್ನಿರುತ್ತಿದ್ದೆವು. ಕಾರವಾರಕ್ಕೆ “ಕರ್ನಾಟಕದ ಕಾಶ್ಮೀರ” ಅನ್ನುತ್ತಾರಲ್ಲ, ಆ ಮಾತು ಕೇಳಿದಾಗಲೆಲ್ಲ ನನಗೆ ಇದೇ ಅನಿಸುತ್ತದೆ. ಕಾಶ್ಮೀರದಲ್ಲಿ ಸಮುದ್ರವಿಲ್ಲ, ಕಾರವಾರದಲ್ಲಿ ಹಿಮವಿಲ್ಲ. ಎರಡಕ್ಕೂ ಹೋಲಿಕೆ ಯಾವುದರಲ್ಲಿ? ಕಾಳಿ ನದಿ ಕಡಲಿಗೆ ಸೇರುವ ಜಾಗ, ಸದಾಶಿವಗಡದ ಗುಡ್ಡ, ಘಟ್ಟವೇ ಇಳಿದು ನೀರಿಗೆ ಕಾಲಿಟ್ಟಂತಿರುವ ಆ ದಂಡೆ, ಇಷ್ಟೆಲ್ಲ ಇಟ್ಟುಕೊಂಡು ಎರವಲು ಹೆಸರು ಯಾಕೆ ಬೇಕು?

ಇಂಗ್ಲಿಷಿನವರ ಕಡೆಯಿಂದಲೂ ಸ್ವಲ್ಪ ನೋಡಬೇಕು. ಗ್ಲೋರಿ, ಸ್ಪ್ಲೆಂಡರ್, ಮೆಜೆಸ್ಟಿ, ಮ್ಯಾಗ್ನಿಫಿಸೆನ್ಸ್, ಗ್ರ್ಯಾಂಡರ್ ಇವು ಯಾವುವೂ ಇಂಗ್ಲೆಂಡಿನ ಹಳ್ಳಿಯ ಮಾತಲ್ಲ. 1066ರಲ್ಲಿ ನಾರ್ಮಂಡಿಯವರು ಬಂದು ಗದ್ದುಗೆ ಹಿಡಿದ ಮೇಲೆ ಅರಮನೆಯಲ್ಲಿ ಫ್ರೆಂಚು, ಚರ್ಚಿನಲ್ಲಿ ಲ್ಯಾಟಿನ್ನು. ಮುಂದಿನ ಶತಮಾನಗಳಲ್ಲಿ ಈ ಶಬ್ದಗಳು ಆ ಎರಡು ಬಾಗಿಲುಗಳಿಂದ ಒಳಗೆ ಬಂದವು. ಬ್ರೈಟ್, ಗ್ರೇಟ್, ಹೈ, ಡೀಪ್ ಮುಂತಾದವು ಮೊದಲಿನಿಂದ ಇದ್ದ ಮನೆಮಾತು. ನಮ್ಮಲ್ಲೂ ಹಾಗೇ ಅಲ್ವಾ? ವೈಭವ, ಭವ್ಯ, ಮಹಿಮೆ, ವಿಜೃಂಭಣೆ ಒಂದು ಕಡೆ, ಹಿರಿದು, ಹೊಳಪು, ಚಂದ ಇನ್ನೊಂದು ಕಡೆ. ಹೀಗಾಗಿ ಮ್ಯಾಗ್ನಿಫಿಸೆಂಟ್ ಅಂದ ಕೂಡಲೇ ಇಂಗ್ಲಿಷ್ ಓದುಗನ ಕಿವಿಯಲ್ಲಿ ಸ್ವಲ್ಪ ಅರಮನೆಯ ಗಂಟೆ ಬಾರಿಸುತ್ತದೆ. ಒಂದು ಸಲ ಬಾರಿಸಿದರೆ ತಿರುಗಿ ನೋಡುತ್ತಾನೆ. ಪ್ರತಿ ಸಾಲಿಗೂ ಬಾರಿಸಿದರೆ, ಇವರು ಏನೋ ಮಾರಲು ಬಂದವರು ಅಂದುಕೊಳ್ಳುತ್ತಾನೆ.

ಈ ಶಬ್ದಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವ. ಅದು ತಿಳಿಯದೆ ಬಳಸಿದರೆ ಅವು ಕೈಕೊಡುತ್ತವೆ. ಮೆಜೆಸ್ಟಿಕ್ ಅನ್ನುವುದು ದೊಡ್ಡದಕ್ಕೆ, ನಿಧಾನದ್ದಕ್ಕೆ. ಬೆಟ್ಟ, ಆನೆ, ಹಳೆಯ ಮರ, ತುಂಬಿ ಹರಿಯುವ ನದಿ. ಕೋಳಿಮರಿ ಎಷ್ಟೇ ಚಂದ ಇದ್ದರೂ ಮೆಜೆಸ್ಟಿಕ್ ಆಗುವುದಿಲ್ಲ. ಗಾರ್ಜಸ್ ಹಗುರ, ಮಾತಿನದು. ಸೀರೆಗೆ, ಮುಖಕ್ಕೆ, ಒಳ್ಳೆಯ ಸಂಜೆಗೆ ಸರಿ, ದೇವಸ್ಥಾನದ ಗರ್ಭಗುಡಿಗೆ ಹಾಕಿದರೆ ಕಸಿವಿಸಿ. ಗ್ಲೋರಿಯಸ್ ಬಿಸಿಲಿನ ಜೊತೆ, ಗೆಲುವಿನ ಜೊತೆ ಚೆನ್ನಾಗಿ ಹೊಂದುತ್ತದೆ. ಚಳಿದೇಶದವರಿಗೆ ಬಿಸಿಲೇ ಭಾಗ್ಯ, ಅದಕ್ಕೆ ಅವರು ಬೆಳಗನ್ನು ಗ್ಲೋರಿಯಸ್ ಅನ್ನುವುದು ಸಹಜ. ಏಪ್ರಿಲ್ ತಿಂಗಳ ಅಂಕೋಲೆಯಲ್ಲಿ ನಿಂತು ಬಿಸಿಲನ್ನು ಗ್ಲೋರಿಯಸ್ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ರೆಸ್ಪ್ಲೆಂಡೆಂಟ್ ಸಾಮಾನ್ಯವಾಗಿ ಉಡುಗೆಯ ಜೊತೆ ಬರುತ್ತದೆ, ಕೆಂಪು ಸೀರೆಯಲ್ಲಿ ಮಿಂಚಿದಳು ಅನ್ನುವ ಕಡೆ. ಆಪ್ಯುಲೆಂಟ್ ಅಂದರೆ ದುಡ್ಡಿನ ವಾಸನೆ ಬಂದೇ ಬರುತ್ತದೆ, ಮಣ್ಣಿನ ಗೋಡೆಯ ಮನೆಯನ್ನು ಹಾಗೆಂದರೆ ತಮಾಷೆ.

ಇವೆಲ್ಲ ಸಣ್ಣಪುಟ್ಟ ಎಡವಟ್ಟು. ಬೀಳಿಸುವ ಹೊಂಡಗಳು ಬೇರೆ ಇವೆ. ಗ್ರ್ಯಾಂಡ್‌ಗಿಂತ ಗ್ರ್ಯಾಂಡಿಯೋಸ್ ಇನ್ನೂ ದೊಡ್ಡದು ಅಂದುಕೊಂಡು “ಗ್ರ್ಯಾಂಡಿಯೋಸ್ ಕಾರ್ಯಕ್ರಮ” ಅಂತ ಬರೆದಿದ್ದನ್ನು ಆಗಾಗ ನೋಡುತ್ತೇನೆ. ಅದು ಹೊಗಳಿಕೆಯಲ್ಲ, ಚುಚ್ಚುಮಾತು. ಇರುವುದಕ್ಕಿಂತ ದೊಡ್ಡದಾಗಿ ತೋರಿಸಿಕೊಳ್ಳುವವರಿಗೆ ಅನ್ನುವುದು. ಪಾಂಪಸ್ ಕೂಡ ಹಾಗೇ. ಪಾಂಪ್ ಅಂದರೆ ವಿಜೃಂಭಣೆ, ನಮ್ಮ ಪತ್ರಿಕೆಗಳಲ್ಲಿ ಹಬ್ಬಗಳು ನಡೆಯುವುದೇ ಪಾಂಪ್ ಜೊತೆಗೆ. ಆದರೆ ಅಧ್ಯಕ್ಷರನ್ನು ಪಾಂಪಸ್ ಅಂದರೆ ಮೈಕು ಕಿತ್ತುಕೊಂಡಾರು. ಗ್ಲೋರಿಫೈಡ್ ಅಂತೂ ಪೂರ್ತಿ ಉಲ್ಟಾ. ಯಾರನ್ನಾದರೂ ಗ್ಲೋರಿಫೈಡ್ ಗುಮಾಸ್ತ ಅಂದರೆ, ಹೆಸರು ದೊಡ್ಡದು, ಕೆಲಸ ಮಾತ್ರ ಗುಮಾಸ್ತನದೇ ಎಂದರ್ಥ. “ಇನ್ ಆಲ್ ಹಿಸ್ ಗ್ಲೋರಿ” ಅನ್ನುವುದನ್ನು ಇಂಗ್ಲಿಷಿನವರು ತಮಾಷೆಗೆ ಮೈಮೇಲೆ ಬಟ್ಟೆ ಇಲ್ಲದವರಿಗೂ ಹೇಳುತ್ತಾರೆ. ಸನ್ಮಾನಿತರ ಪರಿಚಯದಲ್ಲಿ ಹಾಕುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ. ಮ್ಯಾಗ್ನಿಫಿಸೆಂಟ್ ಮುಂದೆ ವೆರಿ ಹಾಕುವುದಿಲ್ಲ. ಆ ಶಬ್ದದೊಳಗೇ ವೆರಿ ಇದೆ. ಗ್ರ್ಯಾಂಡ್‌ಗೆ ಬೇಕಾದರೆ ಹಾಕಬಹುದು.

ಹೊಗಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹೊಗಳುವ ಬೇರೆ ದಾರಿಗಳು ನಮ್ಮ ಜಿಲ್ಲೆಯಲ್ಲೇ ಬಿದ್ದಿವೆ. ಜೋಗವನ್ನೇ ತೆಗೆದುಕೊಳ್ಳಿ. ಸಿದ್ದಾಪುರ ತಾಲೂಕಿನ ಗಡಿಯಲ್ಲಿ ಶರಾವತಿ 253 ಮೀಟರ್ ಕೆಳಗೆ ಬೀಳುವ ಜಾಗ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಅದು ಗೇರುಸೊಪ್ಪೆ ಫಾಲ್ಸ್. ನಾಲ್ಕು ಕವಲಿಗೆ ಹೆಸರು ರಾಜಾ, ರಾಣಿ, ರೋರರ್, ರಾಕೆಟ್. ರಾಜಾ ಅನ್ನುವುದು ಪದವಿ. ಅದರಿಂದ ನೀರು ಹೇಗೆ ಬೀಳುತ್ತದೆ ಅಂತ ಗೊತ್ತಾಗುವುದಿಲ್ಲ. ರೋರರ್ ಅಂದರೆ ಸಾಕು, ಮೊರೆತ ಕೇಳಿಸಿತು. ರಾಕೆಟ್ ಅಂದರೆ ಬಾಣಬಿರುಸು, ಬಂಡೆಗೆ ಬಡಿದು ಚಿಮ್ಮುವುದು ಕಾಣಿಸಿತು. ಮೆಲ್ಲಗೆ ಬಳುಕಿ ಇಳಿಯುವ ರಾಣಿಗೆ ಹಿಂದೆ ಡಾಮ್ ಬ್ಲಾಂಶ್ ಅಂತಲೂ ಬರೆಯುತ್ತಿದ್ದರು, ಬಿಳಿ ದೊರೆಸಾನಿ ಎಂದು. ಹೆಸರಿಟ್ಟವರು ಯಾರೇ ಇರಲಿ, ರೋರರ್, ರಾಕೆಟ್ ಇಟ್ಟವರು ನಿಂತು ನೋಡಿದವರು. ಈಗಿನ ಪರಿಚಯಪತ್ರಗಳಲ್ಲಿ ಜೋಗ ವರ್ಷವಿಡೀ ಮೆಜೆಸ್ಟಿಕ್. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಹೆಚ್ಚಾಗಿ ಕಪ್ಪು ಬಂಡೆ, ಅದರ ಮೇಲೆ ಬಿಳಿ ಎಳೆಗಳು. ಮೆಜೆಸ್ಟಿಕ್ ಓದಿಕೊಂಡು ಏಪ್ರಿಲ್‌ನಲ್ಲಿ ಬಂದವರು ನಮ್ಮನ್ನು ಬೈಯದೆ ಇನ್ನೇನು ಮಾಡುತ್ತಾರೆ?

ಯಾಣಕ್ಕೆ ನಮ್ಮವರು ಕೊಟ್ಟ ಹೊಗಳಿಕೆ ಇನ್ನೂ ಚಂದ. “ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕ ಇದ್ದವ ಗೋಕರ್ಣಕ್ಕೆ ಹೋಗ್ತಾನೆ.” ಒಂದೇ ಒಂದು ದೊಡ್ಡ ಶಬ್ದವಿಲ್ಲ. ಆದರೂ ರಸ್ತೆ ಇಲ್ಲದ ಕಾಲದ ಯಾಣ, ಆ ಕಾಡು, ಏರು, ರಕ್ತ ಹೀರುವ ಇಂಬಳ, ಎಲ್ಲ ಬಂತು. ಮೈಯಲ್ಲಿ ಸೊಕ್ಕಿಲ್ಲದವನಿಗೆ ಅದು ಸಿಗುತ್ತಿರಲಿಲ್ಲ. ಬನವಾಸಿಯನ್ನು ನೆನೆದ ಪಂಪನೂ 10ನೇ ಶತಮಾನದಲ್ಲಿ ಮಾಡಿದ್ದು ಅದನ್ನೇ. ತೆಂಕಣ ಗಾಳಿ ಸೋಕಿದರೆ, ಒಳ್ಳೆಯ ಮಾತು ಕೇಳಿದರೆ, ಇಂಪಾದ ಹಾಡು ಕಿವಿಗೆ ಬಿದ್ದರೆ, ಬಿರಿದ ಮಲ್ಲಿಗೆ ಕಂಡರೆ ಬನವಾಸಿ ನೆನಪಾಗುತ್ತದೆ ಅಂದ. ಕದಂಬರ ರಾಜಧಾನಿಯಾಗಿದ್ದ ಊರು ಅದು. ಆ ಗತವೈಭವದ ಮಾತನ್ನೇ ಅವನು ಅಲ್ಲಿ ಎತ್ತಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಕೊಟ್ಟ ಹೆಸರು ಮೆಣಸಿನ ರಾಣಿ. ಅವರಿಗೆ ಬೇಕಾಗಿದ್ದು ಕಾಳುಮೆಣಸು, ಅದು ಅವಳ ಕೈಯಲ್ಲಿತ್ತು. ವ್ಯಾಪಾರಿಗಳ ಬಾಯಿಂದ ಬಂದ ಬಿರುದು, ಆಸ್ಥಾನ ಕವಿ ಕೊಡುವುದಕ್ಕಿಂತ ಗಟ್ಟಿ.

ಕಾರವಾರದ ಮಟ್ಟಿಗೆ ಎಲ್ಲರೂ ಟ್ಯಾಗೋರರ ಹೆಸರು ತರುತ್ತಾರೆ. ಕಡಲತೀರಕ್ಕೂ ಅವರದೇ ಹೆಸರು. 1880ರ ದಶಕದ ಶುರುವಿನಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಇಪ್ಪತ್ತು ದಾಟಿದ ತಮ್ಮ ಬಂದು ಉಳಿದಿದ್ದ. ಟ್ಯಾಗೋರರೇ ಕಾರವಾರದ ಸೌಂದರ್ಯವನ್ನು ಕೊಂಡಾಡಿದ್ದಾರೆ ಅಂತ ನಮ್ಮ ಪರಿಚಯಪತ್ರಗಳು ಹೇಳುತ್ತವೆ, ಅಲ್ಲಿಗೇ ನಿಲ್ಲುತ್ತವೆ. ಅವರು ಬರೆದಿದ್ದೇನು ಅಂತ ಹುಡುಕಿ ಓದಿದರೆ ಸಿಗುವುದು ಗಾಳಿಮರದ ತೋಪು, ಅದರ ಕೊನೆಗೆ ಕಾಳಿ ನದಿ, ಬೆಳದಿಂಗಳಲ್ಲಿ ದೋಣಿ, ಶಿವಾಜಿಯ ಕಾಲದ ಗುಡ್ಡದ ಕೋಟೆ, ಕೆಳಗೆ ಒಬ್ಬ ರೈತನ ಮನೆಯಂಗಳ, ಕೊನೆಗೆ ಮರಳಿನ ಮೇಲೆ ನಡೆದು ಮನೆಗೆ. ಕಡಲದಂಡೆ ಅನಂತವನ್ನು ಅಪ್ಪಿಕೊಳ್ಳಲು ತೋಳು ಚಾಚುವ ಕವಿಮಾತೂ ಇದೆ, ಇಲ್ಲವೆಂದಲ್ಲ. ಅದನ್ನು ನಾವು ನಂಬುವುದು ಮರಳು, ದೋಣಿ, ಅಂಗಳ ಜೊತೆಗಿರುವುದರಿಂದ. ಆ ನೆನಪುಗಳು ಇಂಗ್ಲಿಷಿಗೆ ಬಂದಿದ್ದು 1917ರಲ್ಲಿ. ಮಾಡಿದವರು ಸುರೇಂದ್ರನಾಥರು, ಆ ನ್ಯಾಯಾಧೀಶರ ಮಗ.

ಹಾಗಾದರೆ ದೊಡ್ಡ ಶಬ್ದಕ್ಕೆ ಜಾಗವೇ ಇಲ್ಲವೇ? ಇದೆ. ನನಗೆ ಅದು ತಿಳಿದಿದ್ದು ಯಾವ ವ್ಯಾಕರಣದಿಂದಲೂ ಅಲ್ಲ, ಯಕ್ಷಗಾನದ ಒಡ್ಡೋಲಗದಿಂದ.

ನಮ್ಮ ಬಡಗಿನ ಆಟದಲ್ಲಿ ರಾಜ ಸುಮ್ನೆ ನಡೆದು ಬರುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ಒಂದು ಬಟ್ಟೆ, ಅಷ್ಟೇ. ಅದರ ಮೇಲೆ ಕಿರೀಟದ ತುದಿ ಕಾಣುತ್ತದೆ, ಕೆಳಗೆ ಗೆಜ್ಜೆ ಕಟ್ಟಿದ ಕಾಲು. ಚಂಡೆ ಏರುತ್ತದೆ. ಕಾಲು ಹೆಜ್ಜೆ ಹಾಕುತ್ತದೆ, ಕಿರೀಟ ತೂಗುತ್ತದೆ, ಮುಖ ಮಾತ್ರ ಇಲ್ಲ. ತೆರೆ ಒಂದು ಮೂಲೆಯಲ್ಲಿ ಜಗ್ಗುತ್ತದೆ, ಹಣೆ ಕಂಡಿತು ಅನ್ನುವಷ್ಟರಲ್ಲಿ ಮತ್ತೆ ಮುಚ್ಚುತ್ತದೆ. ಹಿಂದೆ ಕೂತ ಮಕ್ಕಳು ಎದ್ದು ನಿಲ್ಲುತ್ತಾರೆ. ರಾಕ್ಷಸನ ವೇಷವಾದರೆ ದೊಂದಿ ಹಿಡಿದು, ರಾಳದ ಪುಡಿ ಎರಚಿ, ಭಗ್ ಅನ್ನುವ ಬೆಂಕಿಯ ನಡುವೆ ಬರುವುದೂ ಉಂಟು. ಇಷ್ಟಾದ ಮೇಲೆ ತೆರೆ ಸರಿಯುತ್ತದೆ. ಆಗ ಭಾಗವತರ ಎದುರು “ಭಳಿರೇ ಪರಾಕ್ರಮ ಕಂಠೀರವ” ಅಂದರೆ ಯಾರಿಗೂ ನಗು ಬರುವುದಿಲ್ಲ. ಅಲ್ಲಿ ಅದಕ್ಕಿಂತ ಸಣ್ಣ ಮಾತು ಹೊಂದುವುದೂ ಇಲ್ಲ. ಈಗ ಕಾಲಮಿತಿ ಆಟಗಳಲ್ಲಿ ಒಡ್ಡೋಲಗವನ್ನು ಮೊಟಕು ಮಾಡುತ್ತಾರೆ, ಕೆಲವು ಸಲ ಬಿಟ್ಟೇ ಬಿಡುತ್ತಾರೆ. ರಾಜ ಬಂದ ಕೂಡಲೇ ಮಾತು. ನನಗೆ ಅದು ಅಷ್ಟಕ್ಕಷ್ಟೇ. ಮಾತು ಅದೇ, ಕಿರೀಟವೂ ಅದೇ, ಆದರೆ ರಾಜ ಬಂದ ಹಾಗೆ ಅನಿಸುವುದಿಲ್ಲ.

ಭಾವನ ಪ್ಯಾರಾದಲ್ಲಿ ಆಗಿದ್ದು ಇದೇ. ತೆರೆಯಿಲ್ಲ, ಚಂಡೆಯಿಲ್ಲ, ಶುರುವಿನಲ್ಲೇ ಪರಾಕ್ರಮ ಕಂಠೀರವ.

ಯಾಣದ ಭಾಗವನ್ನು ನಾನು ಹೀಗೆ ಕಟ್ಟಿದೆ. ಗಾಡಿ ನಿಲ್ಲುವ ಜಾಗ. ಅಲ್ಲಿಂದ ಕಾಡಿನೊಳಗೆ ಕಾಲುದಾರಿ, ಪಕ್ಕದಲ್ಲಿ ಹಳ್ಳ. ಮರ ಎಷ್ಟು ದಟ್ಟವೆಂದರೆ ಬಂಡೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಆಮೇಲೆ ಮರದ ಸಂದಿಯಲ್ಲಿ ಒಂದು ಕಪ್ಪು ಚೂರು. ಮೋಡ ಇರಬೇಕು ಅನಿಸುತ್ತದೆ. ಇನ್ನೊಂದು ತಿರುವು ಕಳೆದರೆ ತಲೆ ಹಿಂದಕ್ಕೆ ಬಾಗಿಸಬೇಕು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಸುಣ್ಣದ ಕಲ್ಲು, ಬಣ್ಣ ಮಾತ್ರ ಇದ್ದಿಲು. ಬುಡದ ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಇಷ್ಟೂ ಮನೆಮಾತಿನ ಇಂಗ್ಲಿಷಿನಲ್ಲಿ ಬರೆದೆ. ಕೊನೆಯ ವಾಕ್ಯದಲ್ಲಿ ಒಂದೇ ಒಂದು ಮೆಜೆಸ್ಟಿಕ್ ಇಟ್ಟೆ. ಅಲ್ಲಿ ಅದು ಬಸ್ ಸ್ಟ್ಯಾಂಡ್ ಅನಿಸಲಿಲ್ಲ. ಭಾವನಿಗೂ ಓದಿ ಹೇಳಿದೆ. “ಅಡ್ಡಿಲ್ಲೆ” ಅಂದ. ಆದರೂ ಗೇಟಿನ ಬೋರ್ಡಿನಲ್ಲಿ ಮ್ಯಾಗ್ನಿಫಿಸೆಂಟ್ ಉಳಿಸಿಕೊಂಡಿದ್ದಾನೆ, ಪೇಂಟರಿಗೆ ದುಡ್ಡು ಕೊಟ್ಟಾಗಿದೆಯಂತೆ.

ಗ್ಲೋರಿಯನ್ನು ಇದಕ್ಕಿಂತ ಜಾಣತನದಿಂದ ಬಳಸಿದ ವಾಕ್ಯ ಇಂಗ್ಲಿಷಿನಲ್ಲಿ ಒಂದಿದೆ. 1611ರ ಕಿಂಗ್ ಜೇಮ್ಸ್ ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಬರುತ್ತದೆ. ಹೊಲದ ಲಿಲ್ಲಿ ಹೂವನ್ನು ನೋಡಿ, ಸೊಲೊಮೋನ ರಾಜ ತನ್ನ ಗ್ಲೋರಿಯಷ್ಟನ್ನೂ ಹೊತ್ತು ನಿಂತಾಗಲೂ ಇವುಗಳಲ್ಲಿ ಒಂದರಷ್ಟು ಚಂದ ಉಟ್ಟಿರಲಿಲ್ಲ ಅನ್ನುವ ಮಾತು. ಗಮನಿಸಿ, ಗ್ಲೋರಿ ಸಿಕ್ಕಿದ್ದು ಸೋತವನಿಗೆ. ಹೂವಿಗೆ ವಿಶೇಷಣವೇ ಇಲ್ಲ. ರಾಜನ ಮೇಲೆ ಹೇರಿದ ಭಾರವೆಲ್ಲ ಸದ್ದಿಲ್ಲದೆ ಹೂವಿನ ಕಡೆ ವಾಲಿತು. ಹೊಗಳಬೇಕಾದ ವಸ್ತುವಿನ ಮೇಲೇ ದೊಡ್ಡ ಶಬ್ದ ಕೂರಬೇಕು ಅಂತೇನಿಲ್ಲ ಅನ್ನುವುದು ನನಗೆ ಹೊಳೆದಿದ್ದು ಈ ವಾಕ್ಯದಿಂದ. ಮಾರಿಕಾಂಬೆ ಜಾತ್ರೆಯ ಬಗ್ಗೆ ಬರೆಯುವಾಗ ಇದನ್ನೇ ಸ್ವಲ್ಪ ಪ್ರಯೋಗ ಮಾಡಿದೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಬಿಡಕಿಬಯಲಿನಲ್ಲಿ ತುಂಬುವ ಅಂಗಡಿ, ಸರ್ಕಸ್ಸು, ತೊಟ್ಟಿಲು, ನಾಟಕದ ಟೆಂಟು, ಬಣ್ಣದ ದೀಪ, ಇವಕ್ಕೆ ಬೇಕಾದಷ್ಟು ಸ್ಪ್ಲೆಂಡರ್ ಹಂಚಿದೆ. ಏಳಡಿ ಎತ್ತರದ ಮರದ ಮೂರ್ತಿ, ಕೆಂಪು ಮುಖದ ಅಮ್ಮನ ಹತ್ತಿರ ಬಂದಾಗ ಯಾವ ಶಬ್ದವನ್ನೂ ಇಡಲಿಲ್ಲ. ಎತ್ತರ, ಬಣ್ಣ, ಉಡಿ ಹಿಡಿದು ನಿಂತ ಹೆಂಗಸರ ಸಾಲು. ಅಷ್ಟೇ.

ಒಂದು ಕಡೆ ಮಾತ್ರ ನಾನು ಕತ್ತರಿ ಆಡಿಸುವುದಿಲ್ಲ. ಮದುವೆ ಕಾರ್ಡು. ಅಲ್ಲಿ ಗ್ರೇಶಿಯಸ್ ಪ್ರೆಸೆನ್ಸ್, ಘನ ಉಪಸ್ಥಿತಿ ಅನ್ನುವ ಅರ್ಥದ ಆಗಸ್ಟ್ ಪ್ರೆಸೆನ್ಸ್ ಎಲ್ಲ ಇರಲಿ. ಅದನ್ನು ಯಾರೂ ಮಾಹಿತಿ ಅಂತ ಓದುವುದಿಲ್ಲ, ಕೈಮುಗಿದ ಹಾಗೆ ತೆಗೆದುಕೊಳ್ಳುತ್ತಾರೆ. ಕನ್ನಡ ಕಾರ್ಡಿನಲ್ಲೂ ನಾವು ಸಕುಟುಂಬ ಸಪರಿವಾರ ಅಂತ ಕರೆಯುತ್ತೇವಲ್ಲ, ಹಾಗೆ. ಗ್ರೇಶಿಯಸ್ ತೆಗೆದರೆ ದೊಡ್ಡಪ್ಪ ಮದುವೆಗೇ ಬರಲಿಕ್ಕಿಲ್ಲ. ಮೊನ್ನೆ ನೆಂಟರೊಬ್ಬರ ಕಾರ್ಡಿನ ಕರಡು ಬಂದಿತ್ತು. ಮದುವೆ ಮೇ ತಿಂಗಳಲ್ಲಿ. ಆಗಸ್ಟ್ ಪ್ರೆಸೆನ್ಸ್‌ನ ಆಗಸ್ಟ್‌ಗೆ ಪ್ರೆಸ್ಸಿನವರು ಮೊದಲ ಅಕ್ಷರ ದೊಡ್ಡದು ಹಾಕಿಬಿಟ್ಟಿದ್ದರು. ಅದೊಂದನ್ನು ಸಣ್ಣದು ಮಾಡಿಸಿದೆ. ಅಮೆರಿಕದಲ್ಲಿರುವ ಮೊಮ್ಮಕ್ಕಳು ಅದನ್ನು ನೋಡಿ ಮೂರು ತಿಂಗಳು ತಡವಾಗಿ ಟಿಕೆಟ್ ಮಾಡಿಸಿದರೆ ಕಷ್ಟ.